ಶಾಲೆಯ ಅಂಗಳಕ್ಕೆ ಬಂದ ನಾಟಕ

ಬಂಟ್ವಾಳ ತಾಲೂಕಿನ ಮಂಚಿಯಲ್ಲಿ 1929ರಲ್ಲಿ ಹುಟ್ಟಿದ ರಂಗಕರ್ಮಿ ಬಿ.ವಿ. ಕಾರಂತರು ಮೊದಲ ಸಲ ಬಣ್ಣ ಹಚ್ಚಿದ್ದು ಮೂರನೆಯ ತರಗತಿಯಲ್ಲಿ. ಪಿ.ಕೆ. ನಾರಾಯಣ ಆಡಿಸಿದ ಕುವೆಂಪು ಅವರ ‘ನನ್ನ ಗೋಪಾಲ’ ಆ ನಾಟಕ. ಹತ್ತಿಸಿಕೊಂಡ ಹುಚ್ಚು ಇಳಿಯಲಿಲ್ಲ. ಹುಡುಗ ಮನೆ ಬಿಟ್ಟು ಓಡಿ ಗುಬ್ಬಿ ನಾಟಕ ಕಂಪನಿ ಸೇರಿದ. ಮುಂದೆ ಅವರನ್ನು ಎಂ.ಎ. ಓದಲು ಕಾಶಿಗೆ ಕಳಿಸಿದವರೂ ಆ ಕಂಪನಿಯ ಒಡೆಯ ಗುಬ್ಬಿ ವೀರಣ್ಣನವರೇ.

ಅದೇ ಜಿಲ್ಲೆಯ ಪುತ್ತೂರಿನಲ್ಲಿ ಇನ್ನೊಬ್ಬ ಕಾರಂತರು ಆ ಕಾಲಕ್ಕೇ ಮಕ್ಕಳ ಕಲಿಕೆಯನ್ನು ಬೇರೆ ಕಡೆಯಿಂದ ಹಿಡಿದಿದ್ದರು. ಶಿವರಾಮ ಕಾರಂತರ ಬಾಲವನದಲ್ಲಿ ಹಾಡು, ಕುಣಿತ, ನಾಟಕಗಳು ಪಾಠದ ಜೊತೆಗೇ ನಡೆದವು. ಲೋಕದ ಬಗ್ಗೆ ಮಕ್ಕಳಿಗಿರುವ ಕುತೂಹಲವನ್ನು ನಂಬಿ ಅವರು ‘ಬಾಲ ಪ್ರಪಂಚ’ದ ಮೂರು ಸಂಪುಟಗಳನ್ನು ಬರೆದರು. ಒಬ್ಬರೇ ಹೊತ್ತ ಪ್ರಯೋಗ ಅದು. ಸರ್ಕಾರಿ ಶಾಲೆಗಳು ಅದನ್ನು ಕೈಗೆತ್ತಿಕೊಳ್ಳಲಿಲ್ಲ.

ಮಕ್ಕಳ ರಂಗಭೂಮಿಗೆ ನೆಲೆ ಒದಗಿಸಿದವರಲ್ಲಿ ಪ್ರೇಮಾ ಕಾರಂತರ ಹೆಸರು ಮುಂದೆ ನಿಲ್ಲಬೇಕು. ಶಿಕ್ಷಕಿಯಾಗಿದ್ದ ಅವರು ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು ಬಂದು, 1979ರಲ್ಲಿ ಬೆಂಗಳೂರಿನಲ್ಲಿ ಮಕ್ಕಳದೇ ತಂಡವಾದ ‘ಬೆನಕ ಮಕ್ಕಳ ಕೇಂದ್ರ’ವನ್ನು ಕಟ್ಟಿದರು. ‘ಅಳಿಲು ರಾಮಾಯಣ’ ಅದರ ಮೊದಲ ನಾಟಕ. ಪತಿ ಬಿ.ವಿ. ಕಾರಂತರ ಕೀರ್ತಿಯ ನೆರಳಲ್ಲಿ ಈ ಕೆಲಸಕ್ಕೆ ಸಲ್ಲಬೇಕಾದ ಮನ್ನಣೆ ಸಂದಿಲ್ಲ.

ಬಿ.ವಿ. ಕಾರಂತರು ಮಕ್ಕಳಿಗಾಗಿ ರೂಪಿಸಿದ ‘ಪಂಜರ ಶಾಲೆ’ಗೆ ಮೂಲ ರವೀಂದ್ರನಾಥ ಠಾಕೂರರ ಗಿಳಿಯ ಕಥೆ. ಹಾಡಿಕೊಂಡು ಹಾರಾಡುವ ಗಿಳಿಗೆ ವಿದ್ಯೆ ಕಲಿಸಿ ಎಂದು ರಾಜ ಅಪ್ಪಣೆ ಮಾಡುತ್ತಾನೆ. ಚಿನ್ನದ ಪಂಜರ ಬರುತ್ತದೆ, ಪಂಡಿತರು ಬರುತ್ತಾರೆ, ಗಿಳಿಯ ಬಾಯಿಗೆ ಪುಸ್ತಕದ ಹಾಳೆಗಳನ್ನು ತುರುಕುತ್ತಾರೆ. ಉಸ್ತುವಾರಿಯವರೆಲ್ಲ ಕೊಬ್ಬುತ್ತಾರೆ, ಗಿಳಿ ಸಾಯುತ್ತದೆ. ದೊಡ್ಡವರು ಓದಿದರೆ ಇದು ವಿಡಂಬನೆ. ಮಕ್ಕಳು ಆಡಿದಾಗ ಅದರ ಬಿಸಿಯೇ ಬೇರೆ: ನಿತ್ಯ ಬೆಂಚಿನ ಮೇಲೆ ಕೂತು ಬಾಯಿಪಾಠ ಒಪ್ಪಿಸುವವರೇ ಪಂಡಿತರಾಗುತ್ತಾರೆ, ರಾಜನಾಗುತ್ತಾರೆ, ಗಿಳಿಯೂ ಆಗುತ್ತಾರೆ. ತಮ್ಮ ಶಾಲೆಯನ್ನು ಹೊರಗೆ ನಿಂತು ನೋಡುವ ಕಣ್ಣು ಅವರಿಗೆ ಬರುತ್ತದೆ. ಗುಂಪಿನಲ್ಲಿ ಹಾಡುವಾಗ ಪಕ್ಕದವನ ದನಿಗೆ ಕಿವಿಗೊಡಬೇಕು, ಮಾತು ಮರೆತ ಗೆಳತಿಯನ್ನು ಸಾವರಿಸಿಕೊಂಡು ಮುಂದೆ ಸಾಗಬೇಕು. ಇದನ್ನು ಯಾವ ಪಠ್ಯಪುಸ್ತಕವೂ ಹೀಗೆ ಕಲಿಸಲಾರದು.

1989ರಲ್ಲಿ ಮೈಸೂರಿನಲ್ಲಿ ‘ರಂಗಾಯಣ’ ನಾಟಕ ಸಂಸ್ಥೆ ಆರಂಭವಾದಾಗ ಬಿ.ವಿ. ಕಾರಂತರೇ ಅದರ ಮೊದಲ ನಿರ್ದೇಶಕರು. ಅಲ್ಲಿನ ‘ಚಿನ್ನರ ಮೇಳ’ದಿಂದ ಬೇಸಿಗೆ ಶಿಬಿರವೆಂಬುದು ನಾಡಿನ ಮನೆಮಾತಾಯಿತು.

ಆದರೆ ಶಿಬಿರ ಬೇರೆ, ಶಾಲೆ ಬೇರೆ. ಕಲಾ ಶಿಕ್ಷಣ ಹತ್ತನೆಯ ತರಗತಿಯವರೆಗೂ ಕಡ್ಡಾಯವಾಗಿರಬೇಕೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳಿದ್ದರೂ, ಎಸ್ಸೆಸ್ಸೆಲ್ಸಿ ಹತ್ತಿರವಾದಂತೆ ಡ್ರಾಯಿಂಗ್ ಪೀರಿಯಡ್ಡು ಗಣಿತದ ಪಾಲಾಗುವುದು ಎಷ್ಟೋ ಶಾಲೆಗಳ ರೂಢಿ. ನಾಟಕಕ್ಕಂತೂ ವಾರ್ಷಿಕೋತ್ಸವದ ಮುಂಚಿನ ಕೆಲವು ದಿನಗಳಷ್ಟೇ. ಏಪ್ರಿಲ್‌ನಲ್ಲಿ ಶುಲ್ಕ ಕಟ್ಟಿ ಶಿಬಿರಕ್ಕೆ ಕಳಿಸಲಾಗದ ಮನೆಗಳ ಮಕ್ಕಳಿಗೆ ರಂಗದ ಮೇಲೆ ನಿಲ್ಲಲು ಸಿಗುವ ಜಾಗ ಶಾಲೆಯೊಂದೇ.