ಕತ್ತರಿಸಿ ತೆಗೆದ ಗುದ್ದಲಿ

ಒಂದೇ ನೆಗೆಟಿವ್‌ನಿಂದ ಮಾಡಿದ ಎರಡು ಪ್ರಿಂಟುಗಳು ನನ್ನ ಹತ್ತಿರ ಇವೆ. ಎರಡೂ ಕಪ್ಪು-ಬಿಳುಪು, 15-12 ಇಂಚಿನವು. ಮೊದಲನೆಯದರಲ್ಲಿ ಆಗಷ್ಟೇ ಅಗೆದ ಒದ್ದೆ ಮಣ್ಣು, ಅದರ ಮೇಲೆ ಎರಡು ಗೊರವಂಕ, ಒಂದರ ಕೊಕ್ಕಿನಲ್ಲಿ ಎರೆಹುಳು. ಎಡಮೂಲೆಯಲ್ಲಿ ಗುದ್ದಲಿಯ ಅಲಗು, ಅದರ ಹಿಂದೆ ಒಂದು ಬರಿಗಾಲು. ಎರಡನೆಯದರಲ್ಲಿ ಗುದ್ದಲಿ ಇಲ್ಲ, ಕಾಲೂ ಇಲ್ಲ. ಸ್ಪರ್ಧೆಗಳ ಚೀಟಿ ಬೆನ್ನಿಗೆ ಅಂಟಿಸಿಕೊಂಡು ಊರೂರು ತಿರುಗಿ ಬಂದದ್ದು ಆ ಎರಡನೆಯದು.

ಆ ಕಾಲು ನಮ್ಮಪ್ಪನದು. ಅಪ್ಪ ಲಾಲ್‌ಬಾಗಿನಲ್ಲಿ ಮಾಲಿ. ನಮ್ಮ ಮನೆ ಸಿದ್ದಾಪುರದ ಗೇಟಿನಾಚೆ, ನರ್ಸರಿಗಳ ಸಾಲಿನ ಹಿಂದೆ ಇತ್ತು.

ಹಸಿರು, ಹಕ್ಕಿ, ಉದ್ಯಾನ ಇವುಗಳ ಚಿತ್ರಸ್ಪರ್ಧೆ ಮೊಬೈಲು ಬಂದ ಮೇಲೆ ಹುಟ್ಟಿತೆಂದು ಈಗಿನ ಹುಡುಗರು ತಿಳಿದಿದ್ದಾರೆ. ಚಿತ್ರ ತೆಗೆದು ಪದಕ ಗೆಲ್ಲುವ ಚಟ ನಮ್ಮ ನಾಡಿಗೆ ಕ್ಯಾಮೆರಾದ ಜೊತೆಯಲ್ಲೇ ಬಂತು. ಬೆಂಗಳೂರಿನಲ್ಲಿದ್ದ ಲಿನೇಯಸ್ ಟ್ರೈಪ್ ಎಂಬ ಸೇನಾಧಿಕಾರಿ 1854ರ ಡಿಸೆಂಬರಿನಲ್ಲಿ ಹಳೇಬೀಡು, ಬೇಲೂರಿಗೆ ಹೋಗಿ ಕಾಗದದ ನೆಗೆಟಿವ್‌ಗಳ ಮೇಲೆ ಗುಡಿಗಳನ್ನು ಹಿಡಿದ. ಮರುವರ್ಷ ಮದ್ರಾಸಿನ ದೊಡ್ಡ ವಸ್ತುಪ್ರದರ್ಶನದಲ್ಲಿ ಅವಕ್ಕೆ ಮೊದಲ ದರ್ಜೆಯ ಪದಕ ಬಂತು. ಕಚ್ಚಾ ಮಾಲು, ಕೈಕೆಲಸಗಳ ಪಕ್ಕದಲ್ಲಿ ಫೋಟೊಗಳನ್ನೂ ತೂಗಿ ನೋಡಿದ ಕಾಲ ಅದು.

ಲಾಲ್‌ಬಾಗಿಗೂ ಸ್ಪರ್ಧೆ ಹೊಸದಲ್ಲ. ಹೈದರಾಲಿ 1760ರಲ್ಲಿ ಶುರು ಮಾಡಿದ ತೋಟ ಇದು. ಕ್ಯೂ ಉದ್ಯಾನದಿಂದ ಬಂದ ಜಾನ್ ಕ್ಯಾಮೆರಾನ್ ಮೇಲ್ವಿಚಾರಕನಾಗಿದ್ದಾಗ, 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಗಾಜಿನ ಮನೆಗೆ ಅಡಿಗಲ್ಲು ಹಾಕಿದ. ಎರಕದ ಕಬ್ಬಿಣ ಗ್ಲಾಸ್ಗೋದಿಂದ ಹಡಗಿನಲ್ಲಿ ಬಂತು. ಹೂವು, ತರಕಾರಿ, ಹಣ್ಣು ಜೋಡಿಸಿಟ್ಟು ಯಾರದ್ದು ಮೇಲು ಎಂದು ತೀರ್ಪು ಕೊಡುವ ಜಾಗ ಅದಾಯಿತು. 1912ರಲ್ಲಿ ಹುಟ್ಟಿದ ಮೈಸೂರು ಉದ್ಯಾನಕಲಾ ಸಂಘ ಆ ಪದ್ಧತಿಯನ್ನು ಬೆಳೆಸಿತು. ಜನವರಿ, ಆಗಸ್ಟ್ ಬಂತೆಂದರೆ ನಮ್ಮ ಮನೆಯಲ್ಲಿ ಹಬ್ಬಕ್ಕಿಂತ ಹೆಚ್ಚಿನ ಗಡಿಬಿಡಿ. ಜನವರಿಯ ಪ್ರದರ್ಶನಕ್ಕೆ ಅಪ್ಪ ದಸರಾ ಹೊತ್ತಿಗೇ ಕುಂಡಗಳಿಗೆ ಎಲೆಗೊಬ್ಬರ ತುಂಬುತ್ತಿದ್ದರು. ಡೇಲಿಯಾದ ಪಕ್ಕದ ಮೊಗ್ಗು ಚಿವುಟಬೇಕು, ಸೇವಂತಿಗೆಗೆ ಕಡ್ಡಿ ಕಟ್ಟಬೇಕು, ಸಾಲ್ವಿಯಾ ದಿನಾಂಕಕ್ಕೆ ಸರಿಯಾಗಿ ಅರಳಬೇಕು. ಎರಡು ದಿನ ಮುಂಚೆ ಅರಳಿದರೂ ಮೂರು ತಿಂಗಳ ಶ್ರಮ ಹಾಳು. ಗೆದ್ದ ಕುಂಡದ ಮುಂದೆ ನಿಲ್ಲಿಸುತ್ತಿದ್ದ ರಟ್ಟಿನಲ್ಲಿ ಗಿಡದ ಹೆಸರು, ಸಂಸ್ಥೆಯ ಹೆಸರು ಇರುತ್ತಿದ್ದವು. ಕಡ್ಡಿ ಕಟ್ಟಿದವರ ಹೆಸರನ್ನು ನಾನು ಒಮ್ಮೆಯೂ ನೋಡಲಿಲ್ಲ.

ನಾನು ಕಾರ್ಖಾನೆಯಲ್ಲಿ ಟರ್ನರ್ ಆದೆ. ಮೊದಲ ಬೋನಸ್ಸಿನಲ್ಲಿ ಸೆಕೆಂಡ್‌ಹ್ಯಾಂಡ್ ಯಾಶಿಕಾ ಕೊಂಡೆ. ಎರಡು ಕಣ್ಣಿನ ಆ ಕ್ಯಾಮೆರಾವನ್ನು ಎದೆಯ ಹತ್ತಿರ ಹಿಡಿದು, ತಲೆ ತಗ್ಗಿಸಿ ನೋಡಬೇಕು. ಒಂದು ರೋಲಿಗೆ 12 ಚಿತ್ರ. ತಿಂಗಳಿಗೊಂದು ರೋಲು ನನ್ನ ಶಕ್ತಿ.

ಆಗಿನ ಬೆಂಗಳೂರು ಹವ್ಯಾಸಿ ಛಾಯಾಗ್ರಾಹಕರ ದೊಡ್ಡ ಊರು. ಡಾ. ಜಿ. ಥಾಮಸ್ ಮುಂದಾಳತ್ವದಲ್ಲಿ 1953ರಲ್ಲಿ ಭಾರತೀಯ ಛಾಯಾಚಿತ್ರ ಒಕ್ಕೂಟ ಹುಟ್ಟಿತ್ತು; 1971ರಲ್ಲಿ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಶುರುವಾಯಿತು. ಒ.ಸಿ. ಎಡ್ವರ್ಡ್ಸ್ ಅವರಿಂದ ಕಲಿತ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಬಿ.ಎನ್.ಎಸ್. ದೇವ್ ಕಾಡಿನ ಚಿತ್ರಗಳಿಗೆ ಹೆಸರಾದವರು. ರಾಜ್ಯದ ಹಣಕಾಸು ಸಚಿವರಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆಯವರೂ ಅದೇ ಗೀಳಿನವರು. ಮರೆಗೂಡಿನೊಳಗೆ ಸದ್ದಿಲ್ಲದೆ ಗಂಟೆಗಟ್ಟಲೆ ಕೂತು ಹಕ್ಕಿಗೆ ಕಾಯುತ್ತಿದ್ದ ಈ ಹಿರಿಯರು ಹಾಕಿಕೊಟ್ಟ ಶಿಸ್ತಿನಿಂದಲೇ ಕನ್ನಡನಾಡಿನ ವನ್ಯಜೀವಿ ಛಾಯಾಗ್ರಹಣ ಬೆಳೆಯಿತು ಎಂಬುದರಲ್ಲಿ ನನಗೆ ಸಂಶಯವಿಲ್ಲ. ನಾನು ಪ್ರದರ್ಶನಗಳಲ್ಲಿ ಅವರ ಪ್ರಿಂಟುಗಳ ಮುಂದೆ ನಿಂತು ಕಲಿತವನು. ಹದ್ದಿನ ಕಣ್ಣಿನಲ್ಲಿ ಕಾಣುವ ಆ ಒಂದು ಬೆಳಕಿನ ಚುಕ್ಕೆಗಾಗಿ ಮನುಷ್ಯ ಎಷ್ಟು ದಿನ ಕಾಯಬಲ್ಲ ಎಂದು ತಿಳಿದದ್ದು ಅಲ್ಲಿ.

ಸ್ಪರ್ಧೆಗೆ ಕಳಿಸುವುದೇ ಒಂದು ಕಸುಬಾಗಿತ್ತು. ರಾತ್ರಿ ಬಚ್ಚಲುಮನೆಯ ಕಿಟಕಿಗೆ ಕಂಬಳಿ ಕಟ್ಟಿ, ಕೆಂಪು ಬಲ್ಬಿನಡಿ ಬ್ರೊಮೈಡ್ ಕಾಗದವನ್ನು ಡೆವಲಪರಿನಲ್ಲಿ ಅದ್ದಿ, ಹೈಪೊದಲ್ಲಿ ನಿಲ್ಲಿಸಿ, ಬೆಳಗಿನ ಜಾವ ನಲ್ಲಿ ನೀರು ಬಂದಾಗ ತೊಳೆಯಬೇಕು. ಪ್ರಿಂಟನ್ನು ಎರಡು ರಟ್ಟುಗಳ ನಡುವೆ ಇಟ್ಟು, ವಾಪಸಾತಿಯ ಅಂಚೆಚೀಟಿ ಸೇರಿಸಿ ರಿಜಿಸ್ಟರ್ಡ್ ಅಂಚೆಗೆ ಹಾಕಬೇಕು. ತಿಂಗಳೆರಡಾದ ಮೇಲೆ ಒಂದು ಕಾರ್ಡು: ನಾಲ್ಕು ಚಿತ್ರ ಕಳಿಸಿದ್ದರೆ ಎಷ್ಟಕ್ಕೆ ‘ಆಕ್ಸೆಪ್ಟೆನ್ಸ್’ ಎಂದು ಅದರಲ್ಲಿರುತ್ತಿತ್ತು. ಒಪ್ಪಿಗೆಯಾದ ಪ್ರಿಂಟಿನ ಬೆನ್ನಿಗೆ ಆ ಪ್ರದರ್ಶನದ ಬಣ್ಣದ ಚೀಟಿ ಅಂಟುತ್ತಿತ್ತು. ಅಂಥ ಚೀಟಿಗಳನ್ನು ಎಣಿಸಿಯೇ ನಾವು ಒಬ್ಬರನ್ನೊಬ್ಬರು ಅಳೆಯುತ್ತಿದ್ದೆವು.

ಗೊರವಂಕದ ಚಿತ್ರ 1979ರ ಮಳೆಗಾಲದ್ದು. ಅಪ್ಪ ಪಾತಿ ಅಗೆಯುವಾಗ ಗೊರವಂಕಗಳು ಗುದ್ದಲಿಗೆ ಒಂದು ಮಾರು ದೂರದಲ್ಲಿ ಕುಪ್ಪಳಿಸುತ್ತ ಹಿಂಬಾಲಿಸುತ್ತಿದ್ದವು. ಬೇರೆ ಯಾರು ಹತ್ತಿರ ಹೋದರೂ ಹಾರುವ ಹಕ್ಕಿಗಳು ಅವರಿಗೆ ಮಾತ್ರ ಹೆದರುತ್ತಿರಲಿಲ್ಲ. ನಾನು ಅವರ ಬೆನ್ನಿಗೆ ಕೂತು ಆರು ಚಿತ್ರ ತೆಗೆದೆ. ಹುಳು ಸಿಕ್ಕ ಕ್ಷಣ ಸಿಕ್ಕಿದ್ದು ಒಂದರಲ್ಲಿ. ಅದನ್ನು ಒಂದು ಸ್ಪರ್ಧೆಯ ‘ನೇಚರ್’ ವಿಭಾಗಕ್ಕೆ ಕಳಿಸಿದೆ. ತಿರಸ್ಕಾರದ ಕಾರ್ಡಿನ ಕೆಳಗೆ ಯಾರೋ ಪೆನ್ಸಿಲಿನಲ್ಲಿ ಎರಡು ಪದ ಬರೆದಿದ್ದರು: ಮನುಷ್ಯನ ಕೈ.

‘ಹ್ಯಾಂಡ್ ಆಫ್ ಮ್ಯಾನ್’ ನಮ್ಮ ವಲಯದಲ್ಲಿ ದಿನಬಳಕೆಯ ಮಾತು. ನಿಸರ್ಗದ ಚಿತ್ರದಲ್ಲಿ ತಂತಿ, ಬೇಲಿ, ಬೆಂಚು, ಹಗ್ಗ ಯಾವುದೂ ಕಾಣಬಾರದು. ಈ ನಿಯಮ ಅಮೆರಿಕದ, ಯೂರೋಪಿನ ಛಾಯಾಚಿತ್ರ ಸಂಘಗಳಿಂದ ನಮಗೆ ಬಂದದ್ದು. 2014ರಲ್ಲಿ ಅಮೆರಿಕದ ಫೋಟೊಗ್ರಾಫಿಕ್ ಸೊಸೈಟಿ, ಬ್ರಿಟನ್ನಿನ ರಾಯಲ್ ಫೋಟೊಗ್ರಾಫಿಕ್ ಸೊಸೈಟಿ ಮತ್ತು ಅಂತರರಾಷ್ಟ್ರೀಯ ಒಕ್ಕೂಟವಾದ ಫಿಯಾಪ್ ಮೂರೂ ಸೇರಿ ಒಂದೇ ವ್ಯಾಖ್ಯೆಗೆ ಒಪ್ಪಿದವು. ಅದರ ಪ್ರಕಾರ ಮನುಷ್ಯನ ಕುರುಹು ಕಥೆಯ ಭಾಗವಾಗಿದ್ದರೆ, ಉದಾಹರಣೆಗೆ ಕಣಜದ ಗೂಬೆಯ ಹಿಂದೆ ಕಣಜ ಕಂಡರೆ, ನಡೆಯುತ್ತದೆ. ಆದರೆ ಸಾಕಿದ ಪ್ರಾಣಿ, ಮನುಷ್ಯ ಮಾಡಿದ ಮಿಶ್ರತಳಿಯ ಗಿಡ, ನೆಟ್ಟು ಬೆಳೆಸಿದ ಹೂ ನಿಸರ್ಗವಲ್ಲ. ಚಿತ್ರದಿಂದ ಏನನ್ನೂ ಅಳಿಸುವಂತಿಲ್ಲ. ಅಂಚು ಕತ್ತರಿಸುವುದಕ್ಕೆ ಮಾತ್ರ ಅಡ್ಡಿಯಿಲ್ಲ.

ಈ ನಿಯಮ ಕಾಡಿಗೆ ಬೇಕೇ ಬೇಕು. ಚಿತ್ರಕ್ಕಾಗಿ ಹಕ್ಕಿಯನ್ನು ಕಟ್ಟಿಹಾಕುವವರನ್ನೂ, ಕಂಪ್ಯೂಟರಿನಲ್ಲಿ ಹುಲಿಯನ್ನು ತಂದು ಕೂರಿಸುವವರನ್ನೂ ಅದು ದೂರವಿಟ್ಟಿದೆ. ಒಂದು ಕಾಲದಲ್ಲಿ ಗೂಡಿನಲ್ಲಿ ಮರಿಗೆ ಗುಟುಕು ಕೊಡುವ ಚಿತ್ರಗಳೇ ಬಹುಮಾನ ಹೊಡೆಯುತ್ತಿದ್ದವು. ಕ್ಯಾಮೆರಾಕ್ಕೆ ಹೆದರಿ ತಾಯಿಹಕ್ಕಿ ಗೂಡು ಬಿಡುತ್ತದೆಂದು ತಿಳಿದ ಮೇಲೆ ಹಲವು ಸ್ಪರ್ಧೆಗಳು ಗೂಡಿನ ಚಿತ್ರಗಳನ್ನೇ ನಿಲ್ಲಿಸಿದವು. ಸ್ಪರ್ಧೆಯ ನಿಯಮದಿಂದ ಹಕ್ಕಿಯ ಜೀವ ಉಳಿಯುವುದೂ ಉಂಟು.

ಅದೇ ಅಳತೆಗೋಲನ್ನು ಸಾರ್ವಜನಿಕ ಉದ್ಯಾನಕ್ಕೆ ಇಟ್ಟರೆ ಏನು ಉಳಿಯುತ್ತದೆ? ಲಾಲ್‌ಬಾಗಿನ 240 ಎಕರೆಯನ್ನು ಒಮ್ಮೆ ಸುತ್ತಿ ನೋಡಿ. ಮಳೆಮರ ದಕ್ಷಿಣ ಅಮೆರಿಕದ್ದು, ಗುಲ್‌ಮೊಹರ್ ಮಡಗಾಸ್ಕರಿನದು, ಜಕರಂಡ, ಟಬೆಬುಯಾ ಕೂಡ ಕಡಲಾಚೆಯವು. 1908ರಿಂದ 1932ರವರೆಗೆ ಇಲ್ಲಿದ್ದ ಜರ್ಮನಿಯ ಕ್ರುಂಬಿಗಲ್, ಒಂದು ಮರ ಹೂ ಮುಗಿಸುವಷ್ಟರಲ್ಲಿ ಇನ್ನೊಂದು ಅರಳುವಂತೆ ಊರಿನ ಬೀದಿಗಳಿಗೆ ಮರಗಳನ್ನು ಆರಿಸಿದ. ಕೆರೆಗೆ ಏರಿ ಕಟ್ಟಿದ್ದು ಮನುಷ್ಯ. ಮನುಷ್ಯನ ಕೈ ಮುಟ್ಟದ್ದು ಎಂದರೆ ಮುನ್ನೂರು ಕೋಟಿ ವರ್ಷ ಹಳೆಯದಾದ ಆ ನೈಸ್ ಬಂಡೆ ಒಂದೇ. ಅದರ ನೆತ್ತಿಯ ಮೇಲೂ ಕೆಂಪೇಗೌಡರ ಗೋಪುರ ನಿಂತಿದೆ.

ಆ ತಿರಸ್ಕಾರದ ಕಾರ್ಡು ಬಂದ ಸಂಜೆ ಎನ್ಲಾರ್ಜರಿನ ತಲೆಯನ್ನು ನಾಲ್ಕು ಬೆರಳು ಮೇಲೆತ್ತಿ, ಗುದ್ದಲಿ ಮತ್ತು ಕಾಲು ಕಾಗದದ ಆಚೆ ಬೀಳುವಂತೆ ಹೊಂದಿಸಿ ಹೊಸ ಪ್ರಿಂಟು ಮಾಡಿದೆ. ಮುಂದಿನ ಸ್ಪರ್ಧೆಯಲ್ಲಿ ಅದಕ್ಕೆ ಪ್ರಶಸ್ತಿಪತ್ರ ಬಂತು, ಆಮೇಲೆ ಏಳು ಕಡೆ ಒಪ್ಪಿಗೆಯಾಯಿತು. ಪ್ರಶಸ್ತಿ ಬಂದ ದಿನ ಎರಡು ಪ್ರಿಂಟನ್ನೂ ಅಪ್ಪನ ಮುಂದೆ ಇಟ್ಟೆ. ಅವರು ಕಾಲಿರುವುದನ್ನು ಎತ್ತಿಕೊಂಡು, ಲಾಟೀನಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. “ಈ ಕಡೆ ನೀರು ನಿಂತೈತೆ ಕಣಪ್ಪ, ಬೇರು ಕೊಳೀತದೆ. ನಾಳೆ ಕಾಲುವೆ ಬಿಡ್ಬೇಕು” ಅಂದರು. ಇನ್ನೊಂದನ್ನು ಅವರು ಮುಟ್ಟಲಿಲ್ಲ. ಅದರಲ್ಲಿ ಅವರಿಗೆ ನೋಡುವಂಥದ್ದು ಏನೂ ಇರಲಿಲ್ಲ ಎಂದು ನನಗೆ ಹೊಳೆಯಲು ಎಷ್ಟೋ ವರ್ಷ ಬೇಕಾಯಿತು.

ಈಗ ಅಕ್ಟೋಬರಿನ ವನ್ಯಜೀವಿ ಸಪ್ತಾಹಕ್ಕೂ, ಆಗಸ್ಟ್ 19ರ ಛಾಯಾಗ್ರಹಣ ದಿನಕ್ಕೂ ಸ್ಪರ್ಧೆಗಳು ನಡೆಯುತ್ತವೆ. ಅಂಚೆ, ರಟ್ಟು, ಹೈಪೊ ಯಾವುದರ ಗೊಡವೆಯೂ ಇಲ್ಲ. ಒಳ್ಳೆಯದೇ ಆಯಿತು, ಮಾಲಿಯ ಮಗನಿಗೂ ಮಗಳಿಗೂ ಇವತ್ತು ದಾರಿ ಸುಲಭವಾಗಿದೆ. ಚಿತ್ರಗಳು ಮಾತ್ರ ಹಳೆಯ ಕ್ರಮದಲ್ಲೇ ಬರುತ್ತಿವೆ: ಇಬ್ಬನಿ ಬಿದ್ದ ದಳ, ಕೆರೆಯ ಮೇಲಿನ ಪೆಲಿಕನ್, ಜನವೇ ಇಲ್ಲದ ಹಾದಿ. ಚೆನ್ನಾಗಿಯೇ ಇರುತ್ತವೆ. ನೂರು ವರ್ಷದ ನಂತರ ಅವನ್ನು ನೋಡಿದವರು ಈ ತೋಟಗಳು ತಾವಾಗಿಯೇ ಬೆಳೆದವೆಂದು ತಿಳಿದರೆ ತಪ್ಪು ಅವರದಾಗುವುದಿಲ್ಲ.

ಉದ್ಯಾನದ ಹೆಸರಿನಲ್ಲಿ ಸ್ಪರ್ಧೆ ಮಾಡುವವರಲ್ಲಿ ನನ್ನ ಕೋರಿಕೆ ಇಷ್ಟು. ಕಾಡಿನ ನಿಯಮ ಕಾಡಿಗಿರಲಿ. ಉದ್ಯಾನಕ್ಕೆ ಬೇರೆ ವಿಭಾಗ ಮಾಡಿ, ಅದರಲ್ಲಿ ಗುದ್ದಲಿಗೆ, ಕೊಳಾಯಿಗೆ, ಕತ್ತರಿ ಹಿಡಿದ ಕೈಗೆ ಜಾಗ ಕೊಡಿ. ಚಿತ್ರದ ವಿವರಣೆಯಲ್ಲಿ ಲೆನ್ಸು, ಶಟರು ಕೇಳುವ ಜಾಗದಲ್ಲೇ ಆ ಪಾತಿಯನ್ನು ನೋಡಿಕೊಳ್ಳುವವರ ಹೆಸರನ್ನೂ, ಅವರು ಒಪ್ಪಿದರೆ, ಕೇಳಿ.

ಓದುಗರಿಗೂ ಒಂದು ಮಾತು. ಈ ಸಲದ ಫಲಪುಷ್ಪ ಪ್ರದರ್ಶನಕ್ಕೆ ವಾರ ಇರುವಾಗ ಒಂದು ದಿನ ಬೆಳಿಗ್ಗೆ ಆರಕ್ಕೆ ಲಾಲ್‌ಬಾಗಿಗೆ ಹೋಗಿ. ಆ ಹೊತ್ತಿಗೆ ಕೆಲಸದವರು ಕುಂಡ ಹೊರುತ್ತ, ಬಾಡಿದ ಹೂ ಕೀಳುತ್ತ ಇರುತ್ತಾರೆ. ಕೇಳಿ, ಚಿತ್ರ ತೆಗೆಯಿರಿ. ಅದರ ಒಂದು ಪ್ರಿಂಟು ಮಾಡಿಸಿ ಅವರ ಕೈಗೇ ಕೊಟ್ಟು ಬನ್ನಿ.