2,14,74,83,647: ಗಣಿತದ ಬೆರಗು, ಗಣಕಯಂತ್ರದ ಗಡಿ

ಇನ್ನೂರ ಹದಿನಾಲ್ಕು ಕೋಟಿ ಎಪ್ಪತ್ತನಾಲ್ಕು ಲಕ್ಷದ ಎಂಬತ್ತಮೂರು ಸಾವಿರದ ಆರುನೂರ ನಲವತ್ತೇಳು. 31 ಎರಡುಗಳನ್ನು ಪರಸ್ಪರ ಗುಣಿಸಿ, ಬಂದ ಗುಣಲಬ್ಧದಿಂದ ಒಂದನ್ನು ಕಳೆದರೆ ದೊರೆಯುವ ಸಂಖ್ಯೆ ಇದು. ಒಂದು ಕಾಲಕ್ಕೆ ಗಣಿತಜ್ಞರ ಕುತೂಹಲದ ವಸ್ತುವಷ್ಟೇ ಆಗಿದ್ದ ಈ ಸಂಖ್ಯೆ, 2038ರಲ್ಲಿ ಹಳೆಯ ಗಣಕಯಂತ್ರಗಳ ಕಾಲಗಣನೆಯನ್ನೇ ತಪ್ಪಿಸಬಲ್ಲದು.

ಆಯ್ಲರ್ ಸಾಧನೆ

1 ಮತ್ತು ತನ್ನಿಂದ ಮಾತ್ರ ನಿಶ್ಶೇಷವಾಗಿ ಭಾಗವಾಗುವ ಸಂಖ್ಯೆ ಅವಿಭಾಜ್ಯ. ಎರಡರ ಘಾತಕ್ಕಿಂತ ಒಂದು ಕಡಿಮೆ ಇರುವ ಅವಿಭಾಜ್ಯಗಳನ್ನು, 17ನೇ ಶತಮಾನದ ಫ್ರೆಂಚ್ ಪಾದ್ರಿ ಮರ್ಸೆನ್ ಹೆಸರಿನಿಂದ ಗುರುತಿಸಲಾಗುತ್ತದೆ. 3, 7, 31, 127 ಎಂದು ಸಾಗುವ ಆ ಸಾಲಿನಲ್ಲಿ ಇದು 8ನೆಯದು.

ಇದು ಅವಿಭಾಜ್ಯವೆಂದು 1772ರಲ್ಲಿ ಸಾಧಿಸಿದವರು ಲಿಯೊನಾರ್ಡ್ ಆಯ್ಲರ್. ಇದರ ವರ್ಗಮೂಲ ಸುಮಾರು 46,341. ಅಲ್ಲಿಯವರೆಗಿನ ಅವಿಭಾಜ್ಯಗಳೇ ನಾಲ್ಕು ಸಾವಿರಕ್ಕೂ ಹೆಚ್ಚು. ಆದರೆ ಇದಕ್ಕೆ ಭಾಜಕವೊಂದಿದ್ದರೆ, ಅದನ್ನು 248ರಿಂದ ಭಾಗಿಸಿದಾಗ ಶೇಷ 1 ಅಥವಾ 63 ಆಗಿರಲೇಬೇಕು. ಹೀಗಾಗಿ ನಾನೂರಕ್ಕೂ ಕಡಿಮೆ ಸಂಖ್ಯೆಗಳನ್ನು ಪರಿಶೀಲಿಸಿದರೆ ಸಾಕಾಯಿತು.

ಪರಿಪೂರ್ಣ ಸಂಖ್ಯೆ

ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ಸಮನಾದ ಸಂಖ್ಯೆಯೇ ಪರಿಪೂರ್ಣ ಸಂಖ್ಯೆ. ಉದಾಹರಣೆಗೆ, 6 = 1+2+3. ನಮ್ಮ ಸಂಖ್ಯೆಯನ್ನು ಎರಡರ 30ನೇ ಘಾತದಿಂದ ಗುಣಿಸಿದರೆ 2305843008139952128 ಎಂಬ ಪರಿಪೂರ್ಣ ಸಂಖ್ಯೆ ದೊರೆಯುತ್ತದೆ. ಇಂಥವುಗಳಿಂದ ಪ್ರಯೋಜನವಿಲ್ಲವಾದ್ದರಿಂದ ಇದಕ್ಕಿಂತ ದೊಡ್ಡದನ್ನು ಯಾರೂ ಹುಡುಕಲಾರರು ಎಂದು ಇಂಗ್ಲೆಂಡಿನ ಪೀಟರ್ ಬಾರ್ಲೊ 1811ರಲ್ಲಿ ಭಾವಿಸಿದ್ದರು. 1876ರಲ್ಲಿ ಫ್ರಾನ್ಸಿನ ಎಡ್ವರ್ಡ್ ಲ್ಯೂಕಾ, 39 ಅಂಕಿಗಳ ಮರ್ಸೆನ್ ಅವಿಭಾಜ್ಯವನ್ನೇ ಸಾಧಿಸಿ ಆ ಊಹೆಯನ್ನು ಸುಳ್ಳಾಗಿಸಿದರು.

2038ರ ತೊಡಕು

ದ್ವಿಮಾನ ಪದ್ಧತಿಯಲ್ಲಿ ಈ ಸಂಖ್ಯೆ ಸಾಲಾಗಿ 31 ಒಂದುಗಳು. 32 ಬಿಟ್‌ಗಳ ಜಾಗದಲ್ಲಿ ಒಂದು ಬಿಟ್ ಧನ-ಋಣ ಚಿಹ್ನೆಗೆ ಮೀಸಲಾದರೆ, ಉಳಿದ 31ರಲ್ಲಿ ಹಿಡಿಸುವ ಗರಿಷ್ಠ ಸಂಖ್ಯೆ ಇದೇ. ತೊಡಕಿಗೆ ಕಾರಣ ಈ ಮಿತಿಯೇ ಹೊರತು ಸಂಖ್ಯೆಯ ಅವಿಭಾಜ್ಯ ಗುಣವಲ್ಲ.

ಯುನಿಕ್ಸ್ ಮಾದರಿಯ ವ್ಯವಸ್ಥೆಗಳು 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುತ್ತವೆ. ಭಾರತೀಯ ಕಾಲಮಾನದಂತೆ 2038ರ ಜನವರಿ 19ರ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಎಣಿಕೆ ಈ ಗಡಿ ಮುಟ್ಟಲಿದೆ. ಮರುಕ್ಷಣ ಹಳೆಯ 32 ಬಿಟ್ ಗಡಿಯಾರ ಋಣಸಂಖ್ಯೆಗೆ ಜಾರಿ, 1901ರ ಡಿಸೆಂಬರ್ ತೋರಿಸುವ ಸಂಭವವಿದೆ. ದೀರ್ಘಾವಧಿ ಸಾಲದ ಕೊನೆಯ ಕಂತಿನಂಥ ಮುಂದಿನ ದಿನಾಂಕಗಳನ್ನು ಲೆಕ್ಕಹಾಕುವ ತಂತ್ರಾಂಶಗಳಿಗೆ ಈ ತೊಡಕು 2038ಕ್ಕೂ ಮೊದಲೇ ಎದುರಾಗಬಹುದು.

ಪರಿಹಾರ 64 ಬಿಟ್ ಎಣಿಕೆ. ಅದು ಸುಮಾರು 29,200 ಕೋಟಿ ವರ್ಷಗಳಿಗೆ ಸಾಲುತ್ತದೆ. ಹೊಸ ಗಣಕಯಂತ್ರಗಳಲ್ಲಿ ಇದು ಈಗಾಗಲೇ ಬಳಕೆಯಲ್ಲಿದೆ. ಒಮ್ಮೆ ಅಳವಡಿಸಿ ವರ್ಷಗಟ್ಟಲೆ ಮುಟ್ಟದೆ ಬಿಡುವ ನಿಯಂತ್ರಣ ಸಾಧನಗಳನ್ನು ಹುಡುಕಿ ಸರಿಪಡಿಸುವುದೇ ನಿಜವಾದ ಸವಾಲು.