‘ಇತ್ಯರ್ಥ’ದ ಲೆಕ್ಕ: ಕೊಪ್ಪಳ ಜಿಲ್ಲೆಯಲ್ಲಿ ಕೌಟುಂಬಿಕ ದೌರ್ಜನ್ಯ ಮತ್ತು ಸ್ಥಳೀಯ ನೆರವಿನ ಏರ್ಪಾಡು

ಕೊಪ್ಪಳ ಸೀಮೆಯಲ್ಲಿ ಗಂಡನ ಮನೆಯ ಪೆಟ್ಟು ತಾಳಲಾರದ ಹೆಣ್ಣುಮಗಳು ಮೊದಲು ಹೋಗುವುದು ತವರಿಗೆ. ಅಲ್ಲಿಂದ ಮಾತು ಹಿರಿಯರ ಕಿವಿಗೆ ಬೀಳುತ್ತದೆ. ದೈವದವರು ಗುಡಿಯ ಕಟ್ಟೆಯ ಮೇಲೆ ಕೂಡುತ್ತಾರೆ. ‘ಹೊಂದ್ಕೊಂಡು ಬಾಳೇವು ಮಾಡವ್ವ’ ಎಂದು ಆಕೆಯನ್ನು ತಿರುಗಿ ಕಳಿಸುತ್ತಾರೆ, ಇಲ್ಲವೇ ಬಾಂಡ್ ಕಾಗದದ ಮೇಲೆ ಸೋಡಚೀಟಿ (ಮದುವೆ ಬಿಡುಗಡೆಯ ಪತ್ರ) ಬರೆಸುತ್ತಾರೆ. ಪೊಲೀಸ್ ಠಾಣೆ, ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿ, ಸಖಿ ಕೇಂದ್ರ, ಕೋರ್ಟು ಇವೆಲ್ಲ ಆಮೇಲಿನ ಮಾತು. ಹೆಚ್ಚಿನವರ ಪಾಲಿಗೆ ಆ ಮಾತು ಬರುವುದೇ ಇಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಹಿಂಸೆ ಅನುಭವಿಸಿದ ಹೆಂಗಸರಲ್ಲಿ ನೆರವು ಕೇಳಿದವರು ಶೇ. 14. ನೆರವನ್ನೂ ಕೇಳದೆ, ಯಾರ ಮುಂದೆಯೂ ಬಾಯಿ ಬಿಡದೆ ಇದ್ದವರು ಶೇ. 77. ಕೇಳಿದವರೂ ಹೆಚ್ಚಾಗಿ ಕೇಳಿದ್ದು ತವರಿನವರನ್ನೇ.

ಈ ಲೇಖನದ ವಿಷಯ ಆ ಮೌನವಲ್ಲ, ಮೌನ ಮುರಿದು ಬಂದವಳಿಗೆ ಸರ್ಕಾರ ಏನನ್ನು ಒದಗಿಸುತ್ತದೆ ಎಂಬುದು. ನೆರವಿನ ಕೆಲಸವನ್ನು ಸರ್ಕಾರ ತಾನೊಂದೇ ಮಾಡುವುದಿಲ್ಲ, ಸ್ವಯಂಸೇವಾ ಸಂಸ್ಥೆಗಳಿಗೂ ವಹಿಸಿಕೊಡುತ್ತದೆ. ವಹಿಸಿಕೊಡುವಾಗ ಏನನ್ನು ಎಣಿಸಿ ಅನುದಾನ ಕೊಡುತ್ತದೆಯೋ ಅದರಂತೆಯೇ ಸೇವೆ ರೂಪುಗೊಳ್ಳುತ್ತದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳಲ್ಲಿ ಈ ಎಣಿಕೆ ಊರ ಹಿರಿಯರ ಎಣಿಕೆಗಿಂತ ಬೇರೆಯಾಗಿಲ್ಲ ಎನ್ನುವುದು ನನ್ನ ವಾದ.

ಮೊದಲು ಅಂಕಿಯ ಮಾತು. ಗಂಡನಿಂದ ಹಿಂಸೆ ಅನುಭವಿಸಿದೆವು ಎಂದ ಹೆಂಗಸರ ಪ್ರಮಾಣ ಕರ್ನಾಟಕದಲ್ಲಿ ನಾಲ್ಕನೆಯ ಸಮೀಕ್ಷೆಯಲ್ಲಿ (2015–16) ಶೇ. 20.6 ಇತ್ತು. ಐದನೆಯದರಲ್ಲಿ ಅದು ಶೇ. 44.4ಕ್ಕೆ ಏರಿತು, ದೇಶದಲ್ಲೇ ಅತಿ ಹೆಚ್ಚು. ‘ಲಾಕ್‌ಡೌನ್‌ನಲ್ಲಿ ಗಂಡಸರು ಮನೆಯಲ್ಲೇ ಕೂತರಲ್ಲ, ಅದಕ್ಕೆ’ ಎಂಬ ವಿವರಣೆ ಸಭೆಗಳಲ್ಲಿ ಕೇಳಿಬರುತ್ತದೆ. ಅದು ತಪ್ಪು. ಕರ್ನಾಟಕ ಆ ಸಮೀಕ್ಷೆಯ ಮೊದಲ ಹಂತದಲ್ಲಿತ್ತು. ಇಲ್ಲಿನ ಕ್ಷೇತ್ರಕಾರ್ಯ ಕೋವಿಡ್‌ಗೂ ಮೊದಲೇ ಮುಗಿದಿತ್ತು. ಇನ್ನೊಂದು ಸಂಗತಿ ನಮಗೆ ಇನ್ನೂ ಮುಖ್ಯ. ಹಿಂಸೆಯ ಪ್ರಶ್ನೆಗಳನ್ನು ಕೇಳುವುದು ರಾಜ್ಯಮಟ್ಟದ ಚಿಕ್ಕ ಮಾದರಿಯಲ್ಲಿ ಮಾತ್ರ, ಆದ್ದರಿಂದ ಜಿಲ್ಲಾವಾರು ಪಟ್ಟಿಯಲ್ಲಿ ಆ ಸಾಲೇ ಇರುವುದಿಲ್ಲ. ಕೊಪ್ಪಳ ಜಿಲ್ಲೆಯ ಮಕ್ಕಳ ತೂಕ ಗೊತ್ತು, ಹೆಂಗಸರ ರಕ್ತಹೀನತೆ ಗೊತ್ತು. ಹೊಡೆತದ ಲೆಕ್ಕ ಮಾತ್ರ ಇಲ್ಲ. ಹೀಗಾಗಿ ಎಷ್ಟು ಆಪ್ತಸಮಾಲೋಚಕರು ಬೇಕು, ಎಷ್ಟು ಹಾಸಿಗೆ ಬೇಕು ಎಂಬುದನ್ನು ಅಗತ್ಯ ನೋಡಿ ನಿರ್ಧರಿಸುವುದಿಲ್ಲ. ‘ಜಿಲ್ಲೆಗೊಂದು’ ಎಂಬ ಸೂತ್ರವೇ ನಿರ್ಧರಿಸುತ್ತದೆ.

ಆದರೆ ಈ ಜಿಲ್ಲೆ ಒಂದೇ ನೆಲವಲ್ಲ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ರೂಪುಗೊಂಡ ಕೊಪ್ಪಳದ ಜನಸಂಖ್ಯೆ 2011ರ ಜನಗಣತಿಯಲ್ಲಿ 13,89,920. ಗಂಗಾವತಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳು, ರೈಸ್‌ಮಿಲ್ಲುಗಳು. ಕುಷ್ಟಗಿ, ಯಲಬುರ್ಗಾ ಕಡೆ ಮಳೆಯನ್ನೇ ನಂಬಿದ ಬೇಸಾಯ. ಮಳೆ ಕೈಕೊಟ್ಟ ವರ್ಷ ಸಂಸಾರಕ್ಕೆ ಸಂಸಾರವೇ ಮಂಗಳೂರು, ಉಡುಪಿ, ಗೋವಾ, ಬೆಂಗಳೂರಿಗೆ ಗುಳೆ ಹೋಗುತ್ತದೆ. ಗುಳೆ ಹೋದ ಕಡೆ ಏಟು ಬಿದ್ದರೆ ಅಲ್ಲಿ ತವರಿಲ್ಲ, ದೈವದವರಿಲ್ಲ, ಭಾಷೆಯೂ ಅರ್ಧಂಬರ್ಧ. ಮೇಸ್ತ್ರಿಯಿಂದ ಮುಂಗಡ ಎಣಿಸಿಕೊಂಡವನು ಗಂಡ, ತೀರಿಸಬೇಕಾದ ದುಡಿಮೆಯಲ್ಲಿ ಅರ್ಧ ಹೆಂಡತಿಯದು. ಅವಳು ಕೆಲಸ ಬಿಟ್ಟು ಊರಿಗೆ ಬಂದರೆ ಸಾಲ ಮುರಿದವಳಾಗುತ್ತಾಳೆ. ಗಂಗಾವತಿಯ ಗಿರಣಿ ಕೂಲಿಯವಳ ಕಷ್ಟವೂ ಇದೂ ಒಂದೇ ನಮೂನೆಯಲ್ಲಿ ಹಿಡಿಯುವುದಿಲ್ಲ.

ನಮೂನೆ ಎಂದೆನಲ್ಲ, ಅದನ್ನೇ ಬಿಡಿಸಿ ನೋಡೋಣ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಬಂದದ್ದು 2005ರಲ್ಲಿ, ಜಾರಿಯಾದದ್ದು 2006ರ ಅಕ್ಟೋಬರ್ 26ರಂದು. ಅದರ ನಿಯಮಗಳ ಒಂದನೆಯ ನಮೂನೆಯೇ ಕೌಟುಂಬಿಕ ಘಟನಾ ವರದಿ. ದೈಹಿಕ, ಲೈಂಗಿಕ, ಮಾತಿನ ಮತ್ತು ಭಾವನಾತ್ಮಕ, ಆರ್ಥಿಕ ಎಂದು ಹಿಂಸೆಯ ಕಾಲಮ್ಮುಗಳು. ಗಂಡು ಹೆರಲಿಲ್ಲವೆಂದು ಹಂಗಿಸಿದ್ದು, ವರದಕ್ಷಿಣೆ ತರಲಿಲ್ಲವೆಂದು ಮೂದಲಿಸಿದ್ದು, ದುಡಿಯಲು ಬಿಡದ್ದು, ಸಂಬಳ ಕಸಿದುಕೊಂಡದ್ದು, ಸ್ತ್ರೀಧನ ಮಾರಿದ್ದು ಇವಕ್ಕೆಲ್ಲ ಜಾಗವಿದೆ. ಇದನ್ನು ರೂಪಿಸಿದವರು ಹೆಂಗಸರ ಮಾತಿಗೆ ಕಿವಿಗೊಟ್ಟವರೇ, ಅನುಮಾನವಿಲ್ಲ. ಆದರೆ ಕಾಲಮ್ಮಿನ ಮನಸ್ಸಿನಲ್ಲಿರುವುದು ‘ಸಂಬಳ’. ಅವಳ ಕೈಗೆ ಬಾರದೆಯೇ ಗಂಡನ ಮುಂಗಡಕ್ಕೆ ಜಮೆಯಾಗಿಹೋದ ಕೂಲಿಯನ್ನು ಅದರಡಿ ಬರೆದುಕೊಳ್ಳಬೇಕಾದರೆ ಬರೆಯುವವರು ಗುಳೆಯ ಲೆಕ್ಕ ಬಲ್ಲವರಾಗಿರಬೇಕು.

ಈ ವರದಿ ಬರೆಯಬೇಕಾದವರು ಸಂರಕ್ಷಣಾಧಿಕಾರಿ. ಕರ್ನಾಟಕದ ತಾಲ್ಲೂಕುಗಳಲ್ಲಿ ಆ ಹೊಣೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಹೆಗಲೇರಿದೆ. ಅಂಗನವಾಡಿ, ಪೋಷಣ್, ಮಾತೃಪೂರ್ಣ, ಭಾಗ್ಯಲಕ್ಷ್ಮಿ, ಈಗ ಗೃಹಲಕ್ಷ್ಮಿ, ಇವೆಲ್ಲದರ ನಡುವೆ ಇದೊಂದು ಹೆಚ್ಚುವರಿ ಕೆಲಸ. ಕೋರ್ಟಿನ ಆದೇಶ ಪಾಲಿಸದ ಸಂರಕ್ಷಣಾಧಿಕಾರಿಗೆ 33ನೇ ಕಲಮು ಶಿಕ್ಷೆ ವಿಧಿಸುತ್ತದೆ; ಸಮಯ ಮಾತ್ರ ಯಾವ ಕಲಮೂ ಕೊಡುವುದಿಲ್ಲ. 2025ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಸುಪ್ರೀಂ ಕೋರ್ಟ್ ಪೀಠ ಜಿಲ್ಲೆ ಮತ್ತು ತಾಲ್ಲೂಕು ಮಟ್ಟದಲ್ಲಿ ಸಂರಕ್ಷಣಾಧಿಕಾರಿಗಳನ್ನು ಗುರುತಿಸಿ ನೇಮಿಸುವಂತೆ ರಾಜ್ಯಗಳಿಗೆ ಸೂಚಿಸಿತು. ಇರುವ ಇಲಾಖಾ ಅಧಿಕಾರಿಗಳನ್ನೇ ಹೆಸರಿಸಿದರೆ ಆದೇಶ ಪಾಲಿಸಿದಂತಾಯಿತು. ಕರ್ನಾಟಕ ಅದನ್ನು ಎಂದೋ ಮಾಡಿದೆ. ಆದ್ದರಿಂದ ನಮ್ಮ ತಾಲ್ಲೂಕುಗಳ ತೊಡಕು ಹೆಸರಿನದಲ್ಲ, ಹೊತ್ತಿನದು.

ಈ ಕೊರತೆ ತುಂಬಲೆಂದೇ ಕಾಯ್ದೆಯ 10ನೇ ಕಲಮಿನಲ್ಲಿ ‘ಸೇವಾದಾರರು’ ಬರುತ್ತಾರೆ. ನೋಂದಾಯಿತ ಸ್ವಯಂಸೇವಾ ಸಂಸ್ಥೆ ಸರ್ಕಾರದಲ್ಲಿ ಸೇವಾದಾರ ಎಂದು ಹೆಸರು ದಾಖಲಿಸಿಕೊಂಡರೆ ತಾನೇ ಘಟನಾ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸಬಹುದು, ವೈದ್ಯಕೀಯ ಪರೀಕ್ಷೆ ಮಾಡಿಸಬಹುದು, ಆಸರೆ ಕೊಡಿಸಬಹುದು. ಇದು ಸಣ್ಣ ಅಧಿಕಾರವಲ್ಲ. ಆದರೆ ಹಿಂದಿನ ಮೂರು ವರ್ಷ ಅದೇ ಬಗೆಯ ಸೇವೆ ಮಾಡಿರಬೇಕೆಂದು ನಿಯಮ 11 ಕೇಳುತ್ತದೆ. ಲೆಟರ್‌ಹೆಡ್, ಆಡಿಟ್ ವರದಿ ಇರುವ ಸಂಸ್ಥೆಗೆ ಇದು ಸಲೀಸು. ಹಳ್ಳಿಯ ಹೆಂಗಸರೇ ಕಟ್ಟಿದ ಸಂಘಕ್ಕೆ ಅಲ್ಲ. ಕರ್ನಾಟಕದಲ್ಲಿ 1989ರಲ್ಲಿ ಆರಂಭವಾಗಿ ಮುಂದೆ ಕೊಪ್ಪಳಕ್ಕೂ ಬಂದ ಮಹಿಳಾ ಸಮಖ್ಯಾದ ಸಂಘಗಳನ್ನು ಇಲ್ಲಿ ನೆನೆಯಬೇಕು. ಗೀತಾ ಸೇನ್ ಮತ್ತು ಸಂಗಡಿಗರು ಬೆಂಗಳೂರಿನ ಐಐಎಂನಿಂದ ಕೊಪ್ಪಳದ ಹಳ್ಳಿಗಳಲ್ಲಿ ನಡೆಸಿದ ಲಿಂಗಭೇದ ಮತ್ತು ಆರೋಗ್ಯ ಸಮಾನತೆಯ ಅಧ್ಯಯನಕ್ಕೂ ಸಮಖ್ಯಾ ಜೊತೆಯಾಗಿತ್ತು. ಕಾಯಿಲೆ ಬಿದ್ದಾಗ ಯಾರಿಗೆ ಔಷಧ, ಯಾರಿಗೆ ಇಲ್ಲ ಎಂಬುದನ್ನು ಬಡತನ ಮತ್ತು ಲಿಂಗ ಎರಡೂ ಹೆಣೆದುಕೊಂಡು ನಿರ್ಧರಿಸುತ್ತವೆ ಎಂದು ಅದು ತೋರಿಸಿತು. ಸಮಖ್ಯಾಕ್ಕೆ ಕೇಂದ್ರದ ಹಣ ನಿಂತಿತು, ಸಂಘಗಳ ಅನುಭವ ಯಾವ ಟೆಂಡರಿನ ಅರ್ಹತೆಯೂ ಆಗಲಿಲ್ಲ.

ಹಣ ಬರುವುದು ಯೋಜನೆಗಳಿಂದ. ರಾಜ್ಯದ ‘ಸಾಂತ್ವನ’ 2000–01ರಲ್ಲಿ ಶುರುವಾಯಿತು. ಸಂಸ್ಥೆಗಳು ನಡೆಸುವ ಕೇಂದ್ರ, ಒಬ್ಬ ಆಪ್ತಸಮಾಲೋಚಕಿ, ಕೆಲವು ಸಮಾಜ ಕಾರ್ಯಕರ್ತೆಯರು, ದೂರವಾಣಿ. ಜಿಲ್ಲೆಯಲ್ಲಿ ನಿಲ್ಲದೆ ತಾಲ್ಲೂಕಿಗೂ ಇಳಿದದ್ದು ಅದರ ದೊಡ್ಡ ಗುಣ. ಕೇಂದ್ರ ಸರ್ಕಾರದ ‘ಸಖಿ’ ಏಕನಿಲುಗಡೆ ಕೇಂದ್ರದ ಯೋಜನೆ 2015ರ ಏಪ್ರಿಲ್ 1ರಿಂದ ನಿರ್ಭಯಾ ನಿಧಿಯಲ್ಲಿ ಬಂತು, ಅದು ಜಿಲ್ಲೆಗೊಂದು. ಸಖಿ ಇರುವಾಗ ಸಾಂತ್ವನ ಏಕೆ ಎಂಬ ತರ್ಕದಲ್ಲಿ 2021ರಲ್ಲಿ ರಾಜ್ಯದ ಹಲವು ಸಾಂತ್ವನ ಕೇಂದ್ರಗಳನ್ನು ಮುಚ್ಚುವ ತೀರ್ಮಾನವಾಯಿತು. ಕಡತದಲ್ಲಿ ಇದು ಎರಡು ಖರ್ಚು ಒಂದಾದ ಜಾಣತನ. ನೆಲದ ಮೇಲೆ ನೋಡಿ: ಹನುಮಸಾಗರದ ಕಡೆಯವಳು ಕುಷ್ಟಗಿಗೆ ಒಂದು ಬಸ್ಸು, ಅಲ್ಲಿಂದ ಕೊಪ್ಪಳಕ್ಕೆ ಇನ್ನೊಂದು ಬಸ್ಸು ಹಿಡಿಯಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಟಿಕೆಟ್ಟಿನ ಚಿಂತೆ ಕಳೆದಿದೆ, ನಿಜ. ಆದರೆ ಹೋದ ದಿನದ ಕೂಲಿ ಯಾರೂ ಕೊಡುವುದಿಲ್ಲ, ಸಂಜೆ ಒಲೆ ಹಚ್ಚುವ ಹೊತ್ತಿಗೆ ಮನೆಯಲ್ಲಿಲ್ಲದವಳು ಎಲ್ಲಿಗೆ ಹೋಗಿದ್ದಳು ಎಂಬ ಪ್ರಶ್ನೆಗೆ ಉಚಿತ ಟಿಕೆಟ್ಟೇ ಸಾಕ್ಷಿಯಾಗುವುದೂ ಉಂಟು.

ಸಖಿಯಲ್ಲಿ ತಾತ್ಕಾಲಿಕ ಆಸರೆ ಐದು ದಿನ. ಹೆಣ್ಣುಮಕ್ಕಳನ್ನು ಜೊತೆಗಿಟ್ಟುಕೊಳ್ಳಬಹುದು, ಗಂಡುಮಗನಿಗೆ ವಯಸ್ಸಿನ ಮಿತಿಯುಂಟು. ಮೊದಲ ಮಾರ್ಗಸೂಚಿಯಲ್ಲಿ ಅದು 8 ವರ್ಷ. ಮಗನನ್ನು ಹೊಡೆಯುವವನ ಮನೆಯಲ್ಲಿ ಬಿಟ್ಟು ತಾನೊಬ್ಬಳೇ ಬರಬೇಕೋ, ಅವನಿಗಾಗಿ ತಾನೂ ಅಲ್ಲೇ ಇರಬೇಕೋ? ಎಷ್ಟೋ ತಾಯಂದಿರು ಎರಡನೆಯದನ್ನೇ ಆರಿಸಿಕೊಳ್ಳುತ್ತಾರೆ. ಇತ್ತ ಕೋರ್ಟಿನ ಗಡಿಯಾರವೇ ಬೇರೆ: 12ನೇ ಕಲಮಿನಂತೆ ಮೊದಲ ವಿಚಾರಣೆ ಮೂರು ದಿನದೊಳಗೆ, ಅರ್ಜಿ ಮುಗಿಸಲು ಯತ್ನಿಸಬೇಕಾದದ್ದು 60 ದಿನದಲ್ಲಿ. ಆರನೆಯ ದಿನದಿಂದ ಅರವತ್ತನೆಯ ದಿನದ ತನಕ ಅವಳು ಎಲ್ಲಿ ಮಲಗಬೇಕು ಎಂಬುದೇ ಸ್ಥಳೀಯ ಸೇವೆಯ ನಿಜವಾದ ಪ್ರಶ್ನೆ. ‘ಗಂಡನ ಮನೆಯಲ್ಲೇ ಇರುವ ಹಕ್ಕಿದೆಯಲ್ಲ’ ಎನ್ನಬಹುದು. ಮನೆ ಮಾವನ ಹೆಸರಲ್ಲಿದ್ದರೂ ಅದು ಹಂಚಿಕೊಂಡ ಮನೆಯೇ ಎಂದು 2020ರಲ್ಲಿ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಪ್ಪಿತು. ಆಸ್ತಿ ಹಿರಿಯನ ಹೆಸರಲ್ಲೇ ಉಳಿಯುವ ನಮ್ಮ ಹಳ್ಳಿಗಳಿಗೆ ಅದು ದೊಡ್ಡ ತೀರ್ಪು. ಆದರೆ ಆದೇಶ ಹಿಡಿದು ಒಬ್ಬಳೇ ಆ ಹೊಸ್ತಿಲು ದಾಟುವ ರಾತ್ರಿಗೆ ಯಾರಾದರೂ ಜೊತೆ ಬೇಕು.

ದೇವದಾಸಿ ತಾಯಂದಿರ ಮಾತು ಬೇರೆಯೇ. 1982ರ ಕಾಯ್ದೆ ಪದ್ಧತಿಯನ್ನು ನಿಷೇಧಿಸಿತಾದರೂ ಅದರೊಳಗೆ ಬದುಕಿದವರು ಈ ಜಿಲ್ಲೆಯಲ್ಲಿ ಇದ್ದಾರೆ. ಮದುವೆಯಂಥ ಸಂಬಂಧಕ್ಕೆ ಸುಪ್ರೀಂ ಕೋರ್ಟಿನ 2010ರ ವೇಲುಸಾಮಿ ತೀರ್ಪು ಹಾಕಿದ ಷರತ್ತುಗಳಲ್ಲಿ, ಬೇರೆ ಕಡೆ ಹೆಂಡತಿಯಿರುವ ಸಂಗಾತಿಯೊಂದಿಗಿನ ಇವರ ಬಾಳು ಹೊರಗೇ ಉಳಿಯುತ್ತದೆ. ಆದರೆ ಕೌಟುಂಬಿಕ ದೌರ್ಜನ್ಯ ಕಾಯ್ದೆ ರಕ್ತಸಂಬಂಧವನ್ನೂ ಒಪ್ಪುತ್ತದೆ. ಒಂದೇ ಮನೆಯಲ್ಲಿದ್ದು ತಾಯಿಯ ಪಿಂಚಣಿ ಕಿತ್ತುಕೊಳ್ಳುವ ಮಗನ ಮೇಲೆ ಆಕೆ ಅರ್ಜಿ ಹಾಕಬಹುದು. ಇಂಥ ತಿಳಿವಳಿಕೆ ಆಪ್ತಸಮಾಲೋಚಕಿಗೆ ಇರಬೇಕು ಎಂದು ಒಪ್ಪಂದದಲ್ಲೇ ಬರೆಯಬಹುದಲ್ಲ.

ಈಗ ಎಣಿಕೆಗೆ ಬರುತ್ತೇನೆ. ನೆರವಿನ ಕೇಂದ್ರಗಳ ಮಾಸಿಕ ವರದಿಯ ವ್ಯಾಕರಣ ಎಲ್ಲರಿಗೂ ಗೊತ್ತಿರುವುದೇ: ದಾಖಲಾದವು ಇಷ್ಟು, ಇತ್ಯರ್ಥವಾದವು ಇಷ್ಟು, ಬಾಕಿ ಇಷ್ಟು. ಇತ್ಯರ್ಥ ಎಂದರೇನು? ಬಹುತೇಕ ರಾಜಿ. ದಂಪತಿ ಒಂದಾಗಿ ಮನೆಗೆ ಹೋದರೆ ಕಡತ ಮುಚ್ಚುತ್ತದೆ. ಎರಡು ತಿಂಗಳ ಬಳಿಕ ಅವಳೇ ಏಟಿಗೆ ಊದಿದ ಮುಖ ಹೊತ್ತು ಬಂದರೆ ಅದು ಹೊಸ ಪ್ರಕರಣ. ಸಂಸ್ಥೆಯ ಲೆಕ್ಕದಲ್ಲಿ ಎರಡು ದಾಖಲು, ಒಂದು ಯಶಸ್ಸು. ಆಕೆ ಬೇರೆ ಮನೆ ಮಾಡಿ ನೆಮ್ಮದಿಯಾಗಿದ್ದರೆ ಆ ಕಡತ ‘ಬಾಕಿ’. ಗುಡಿಯ ಕಟ್ಟೆಯ ತೀರ್ಮಾನಕ್ಕೂ ಇದಕ್ಕೂ ಏನು ಅಂತರ?

ಅಂತರ ಇರಬೇಕೆಂದು ಕಾನೂನು ಬಯಸಿತ್ತು. ಕೋರ್ಟು ಕಳಿಸಿದ ಸಮಾಲೋಚನೆ ಹೇಗೆ ನಡೆಯಬೇಕೆಂದು ನಿಯಮ 14 ಹೇಳುತ್ತದೆ. ಇನ್ನು ಮುಂದೆ ಹಿಂಸೆ ಮಾಡುವುದಿಲ್ಲ ಎಂಬ ಭರವಸೆ ಎದುರುದಾರನಿಂದ ಬರಬೇಕು. ಹಿಂಸೆಗೆ ಯಾವ ಸಮರ್ಥನೆಯನ್ನೂ ಅವನು ಅಲ್ಲಿ ಹೇಳುವಂತಿಲ್ಲ, ಹಾಗೆಂದು ಅವನಿಗೆ ಮೊದಲೇ ತಿಳಿಸಬೇಕು. ಕಟ್ಟೆಯ ಮೇಲೆ ಮೊದಲ ಪ್ರಶ್ನೆಯೇ ‘ಯಾಕ ಹೊಡದಿ?’ ಎರಡನೆಯದು ಅವಳಿಗೆ: ‘ನೀ ಏನ್ ಮಾಡಿದ್ದಿ?’ ಆ ಎರಡು ಪ್ರಶ್ನೆಗಳನ್ನು ಕೇಳದಿರುವುದೇ ಸರ್ಕಾರಿ ಸೇವೆಗೂ ಊರ ನ್ಯಾಯಕ್ಕೂ ಇರುವ ವ್ಯತ್ಯಾಸ. ಕೋರ್ಟಿಗೆ ಹೋಗದ ಪ್ರಕರಣಗಳಲ್ಲೂ ಇದೇ ಶಿಸ್ತು ಇರಬೇಕೆಂದು ಸಂಸ್ಥೆಗಳೊಂದಿಗಿನ ಕರಾರಿನಲ್ಲಿ ಬರೆಯಲು ಹೊಸ ಕಾಯ್ದೆ ಬೇಕಿಲ್ಲ.

ಬೇಕಾದದ್ದು ಬಹಳವೇನಲ್ಲ. ಅನುದಾನದ ಕರಾರು ವರ್ಷ ವರ್ಷ ನವೀಕರಣದ ಬದಲು ಮೂರು ವರ್ಷದ್ದಾಗಲಿ. ಗೌರವಧನ ತಡವಾದ ಕೇಂದ್ರದಲ್ಲಿ ಪಳಗಿದ ಸಮಾಲೋಚಕಿ ನಿಲ್ಲುವುದಿಲ್ಲ. ನಾಲ್ಕೂ ಹಳೆಯ ತಾಲ್ಲೂಕು ಕೇಂದ್ರಗಳಲ್ಲಿ ಬಸ್ ನಿಲ್ದಾಣ ಅಥವಾ ಆಸ್ಪತ್ರೆಯ ಹತ್ತಿರ, ಬೇರೆ ನೆಪ ಹೇಳಿಕೊಂಡು ಹೋಗಬಹುದಾದ ಜಾಗದಲ್ಲಿ ಒಂದು ಕೋಣೆ ಇರಲಿ. ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರಿಗೆ ಎಲ್ಲವೂ ಗೊತ್ತಿರುತ್ತದೆ, ಆದರೆ ಅವರೂ ಅದೇ ಊರಲ್ಲಿ ಬಾಳಬೇಕು. ಸುಳಿವು ಕೊಟ್ಟವರ ಹೆಸರು ಹೊರಬೀಳದ ಏರ್ಪಾಡಿಲ್ಲದೆ ಅವರ ಮೇಲೆ ಈ ಭಾರ ಹೊರಿಸುವುದು ಅನ್ಯಾಯ. ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಪಡಿತರ ಚೀಟಿಯ ಯಜಮಾನಿಗೆ ಸಲ್ಲುತ್ತದೆ, ಅತ್ತೆಯ ಚೀಟಿಯಲ್ಲಿ ಹೆಸರಿರುವ ಸೊಸೆ ಮನೆ ಬಿಟ್ಟರೆ ಬರಿಗೈ. ಬೇರೆ ಚೀಟಿ ಮಾಡಿಸಿಕೊಡುವುದೂ ನೆರವಿನ ಕೆಲಸವೆಂದು ಲೆಕ್ಕಕ್ಕೆ ಬರಲಿ. ಮಕ್ಕಳ ಶಾಲೆಯ ವರ್ಗಾವಣೆ ಪತ್ರಕ್ಕೂ ಇದೇ ಮಾತು.

ಕೊನೆಗೆ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಮಿತಿಗಳಿಗೆ ಒಂದೇ ವಿನಂತಿ. ಮುಂದಿನ ಅನುದಾನದ ಆದೇಶಕ್ಕೆ ಸಹಿ ಹಾಕುವ ಮುನ್ನ ವರದಿಯ ನಮೂನೆಯಿಂದ ‘ಇತ್ಯರ್ಥ’ದ ಕಾಲಮ್ಮನ್ನು ತೆಗೆದುಹಾಕಿ. ಆ ಜಾಗದಲ್ಲಿ ಹೀಗೆ ಬರೆಸಿ: ‘ಆರು ತಿಂಗಳ ನಂತರ ಆಕೆಯನ್ನು ಒಬ್ಬಳೇ ಇದ್ದಾಗ ಮಾತಾಡಿಸಲಾಯಿತೇ? ಆಕೆ ಏನು ಹೇಳಿದಳು?’